ಹಳೆಯ 3ಡಿಎಸ್ ಎಕ್ಸ್‌ಎಲ್‌ನಲ್ಲಿ ಕ್ಯೂಆರ್ ಕೋಡ್ ಓದಿಸಿದ್ದು: ಮೂರು ವಾರಗಳ ದುರಸ್ತಿ ದಿನಚರಿ

ನ್ಯೂಜೆರ್ಸಿಯಿಂದ ರಜೆಗೆಂದು ಧಾರವಾಡಕ್ಕೆ ಬಂದ ಅಕ್ಕನ ಮಗಳು, ತನ್ನ ಅಣ್ಣ ಆಡಿ ಬಿಟ್ಟಿದ್ದ ನೀಲಿ ಬಣ್ಣದ ನಿಂಟೆಂಡೊ 3ಡಿಎಸ್ ಎಕ್ಸ್‌ಎಲ್ ಎಂಬ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟು, "ಮಾಮಾ, ಇದು ಆನ್ ಆಗ್ತಿಲ್ಲ. ಹೋದ ವರ್ಷ ಆನ್ ಆಗ್ತಿದ್ದಾಗಲೂ ಕೋಡ್ ಓದ್ತಿರಲಿಲ್ಲ" ಎಂದಳು. ಅವಳ ಬೇಡಿಕೆ ಸ್ಪಷ್ಟವಾಗಿತ್ತು. 'ಆ್ಯನಿಮಲ್ ಕ್ರಾಸಿಂಗ್: ನ್ಯೂ ಲೀಫ್' ಎಂಬ ಆಟದಲ್ಲಿ ತನ್ನ ಪಾತ್ರಕ್ಕೆ ಅಜ್ಜಿಯ ಕಸೂತಿಯ ಅಂಗಿ ತೊಡಿಸಬೇಕು. ಆ ವಿನ್ಯಾಸವನ್ನು ಹೊರಗಿನಿಂದ ಆಟದೊಳಗೆ ತರಲು ಇರುವ ದಾರಿ ಕ್ಯೂಆರ್ ಕೋಡ್, ಕೋಡ್ ಓದಲು ಕ್ಯಾಮೆರಾ ಬೇಕು, ಕ್ಯಾಮೆರಾ ನಡೆಯಲು ಬ್ಯಾಟರಿ ಬೇಕು. ಕೆಲಸ ನಿನ್ನೆ ಮುಗಿಯಿತು. ಈ ನಡುವೆ ನಾನು 650 ರೂಪಾಯಿ ಕಳೆದುಕೊಂಡೆ, ಯಂತ್ರದ ಹೊರಕವಚದ ಬಣ್ಣವನ್ನು ಒಂದು ಕಡೆ ಕೆಡಿಸಿದೆ. ಇಂಥದೇ ಯಂತ್ರ ಮನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ.

1. ಜೂನ್ 28: ಮೊದಲ ಪರಿಶೀಲನೆ

3ಡಿಎಸ್ ಎಕ್ಸ್‌ಎಲ್ 2012ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಮೇಜಿನ ಮೇಲಿಟ್ಟಾಗ ಯಂತ್ರ ಸಮನಾಗಿ ಕೂರದೆ ಅಲುಗಾಡುತ್ತಿತ್ತು. ತಿರುಗಿಸಿ ನೋಡಿದರೆ ಬ್ಯಾಟರಿಯ ಮುಚ್ಚಳ ನಡುವೆ ಉಬ್ಬಿತ್ತು. ಮುಚ್ಚಳದ ಎರಡು ಸಣ್ಣ ಸ್ಕ್ರೂಗಳನ್ನು ಪಿಎಚ್00 ಅಳತೆಯ ಪ್ಲಸ್ ತುದಿಯ ಸ್ಕ್ರೂಡ್ರೈವರ್‌ನಿಂದ ಸಡಿಲಿಸಿದೆ. ಇವು ಮುಚ್ಚಳಕ್ಕೇ ಅಂಟಿಕೊಂಡಿರುವ ಸ್ಕ್ರೂಗಳಾದ್ದರಿಂದ ಪೂರ್ತಿ ಹೊರಗೆ ಬರುವುದಿಲ್ಲ, ಎಳೆದು ತೆಗೆಯಲು ಹೋಗಬಾರದು. ಒಳಗಿನ ಬ್ಯಾಟರಿ ಹಪ್ಪಳದಂತೆ ಊದಿಕೊಂಡಿತ್ತು. ಅದರ ಮೇಲೆ ಎಸ್‌ಪಿಆರ್-003, 3.7 ವೋಲ್ಟ್, 1750 ಎಂಎಎಚ್ ಎಂದು ಬರೆದಿತ್ತು. ಲೋಹದ ಚೂಪು ವಸ್ತುವಿನಿಂದ ಮೀಟದೆ ಬೆರಳಿನಿಂದಲೇ ನಿಧಾನವಾಗಿ ಎಬ್ಬಿಸಿ ತೆಗೆದು, ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಮನೆಯ ಹೊರಗೆ, ಮಳೆ ತಾಗದ ಕಡೆ ಇರಿಸಿದೆ. ಒಂದು ವಾರದ ನಂತರ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆ.

ಅಕ್ಕ ಅಮೆರಿಕದ ಚಾರ್ಜರ್ ಅನ್ನೂ ಕಳುಹಿಸಿದ್ದಳು. ಅದಕ್ಕೆ ಪಿನ್ ಬದಲಿಸುವ ಅಡಾಪ್ಟರ್ ಸಿಕ್ಕಿಸಿ ಗೋಡೆಗೆ ಹಾಕುವ ಮುನ್ನ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದು ಒಳ್ಳೆಯದಾಯಿತು. ಒಳಬರುವ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್ ಮಾತ್ರ ಎಂದು ಅಲ್ಲಿತ್ತು. ನಮ್ಮ ಮನೆಗಳಲ್ಲಿ ಬರುವುದು 230 ವೋಲ್ಟ್. ಪಿನ್ನಿನ ಆಕಾರವನ್ನು ಬದಲಿಸುವ ಅಡಾಪ್ಟರ್ ವೋಲ್ಟೇಜ್ ಅನ್ನು ಇಳಿಸುವುದಿಲ್ಲ. ಹಾಕಿದ್ದರೆ ಚಾರ್ಜರ್ ಸುಟ್ಟುಹೋಗುತ್ತಿತ್ತು. ಅದನ್ನು ಕಟ್ಟಿಟ್ಟು, 3ಡಿಎಸ್‌ಗೆ ಹೊಂದುವ ಯುಎಸ್‌ಬಿ ಕೇಬಲ್ ಒಂದನ್ನು 180 ರೂಪಾಯಿಗೆ ತರಿಸಿದೆ. ಮೊಬೈಲ್ ಚಾರ್ಜರ್‌ಗೆ ಅದನ್ನು ಸಿಕ್ಕಿಸಿದರೆ ಸಾಕು.

ಕೆಲಸ ಶುರು ಮಾಡುವ ಮುನ್ನ ಬದಿಯಲ್ಲಿರುವ 4 ಜಿಬಿ ಎಸ್‌ಡಿ ಕಾರ್ಡ್ ತೆಗೆದು ಅದರಲ್ಲಿದ್ದ ಎಲ್ಲವನ್ನೂ ಕಂಪ್ಯೂಟರ್‌ಗೆ ನಕಲು ಮಾಡಿಟ್ಟೆ. ಅದರಲ್ಲಿ ಮಕ್ಕಳಿಬ್ಬರ ಬಾಲ್ಯದ ಫೋಟೊಗಳೂ ಇದ್ದವು.

2. ಜೂನ್ 29ರಿಂದ ಜುಲೈ 2: ಬ್ಯಾಟರಿ ಹುಡುಕಾಟ, 650 ರೂಪಾಯಿ ನಷ್ಟ

ಈ ಭಾಗವನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಇಡೀ ದಿನಚರಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನನ್ನ ನಂಬಿಕೆ.

ಹಳೆಯ ವಸ್ತುಗಳನ್ನು ಕೊಂಡು ಮಾರುವ ಒಂದು ಜಾಲತಾಣದಲ್ಲಿ ಈ ಯಂತ್ರದ "ಮೂಲ ಬ್ಯಾಟರಿ, ಹೊಚ್ಚಹೊಸದು" ಎಂಬ ಜಾಹೀರಾತು ಕಂಡಿತು. ಬೆಲೆ 650 ರೂಪಾಯಿ. ಮಾರುವವರು ವಾಟ್ಸ್ಆ್ಯಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ಕಳುಹಿಸಿದರು, ನಾನು ಸ್ಕ್ಯಾನ್ ಮಾಡಿ ಹಣ ಹಾಕಿದೆ. ಪಾವತಿಯ ಪರದೆಯಲ್ಲಿ ಬಂದ ಹೆಸರಿಗೂ ಮಾರುವವರು ಹೇಳಿದ ಹೆಸರಿಗೂ ಸಂಬಂಧವೇ ಇರಲಿಲ್ಲ. ಮನೆಯವರ ಖಾತೆ ಇರಬಹುದೆಂದು ನಾನೇ ಸಮಾಧಾನ ಹೇಳಿಕೊಂಡೆ. ಇದು ಮೊದಲ ತಪ್ಪು.

ಮರುದಿನ ಅವರೇ ಕರೆ ಮಾಡಿ, ಸರಕು ಮುಗಿದಿದೆ, ಹಣ ವಾಪಸ್ ಕೊಡುತ್ತೇನೆ, ಒಂದು ಕೋಡ್ ಕಳುಹಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮ್ಮ ಖಾತೆಗೆ ಬರುತ್ತದೆ ಎಂದರು. ತಡವಾದದ್ದಕ್ಕೆ ಪರಿಹಾರವಾಗಿ ದುಪ್ಪಟ್ಟು, ಅಂದರೆ 1,300 ರೂಪಾಯಿ ಕೊಡುವುದಾಗಿಯೂ ಹೇಳಿದರು. ಕರೆ ಕಡಿಯದೆ, ಬಿಡುವಿಲ್ಲದೆ ಮಾತಾಡುತ್ತಲೇ ಇದ್ದರು. ನಾನು ಸ್ಕ್ಯಾನ್ ಮಾಡಿ ಪಿನ್ನಿನ ಎರಡು ಅಂಕಿಗಳನ್ನು ಒತ್ತಿಯೂ ಆಗಿತ್ತು. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗಳು ಪರದೆಯ ಮೇಲೆ ಬೆರಳಿಟ್ಟು, "ಮಾಮಾ, ಇಲ್ಲಿ 'ಪೇ' ಅಂತ ಇದೆಯಲ್ಲ, ಅವರು ಕೊಡೋದಾದರೆ ನಾವ್ಯಾಕೆ ಪೇ ಮಾಡಬೇಕು?" ಎಂದಳು. ಮಾತು ಕೇಳುವುದನ್ನು ಬಿಟ್ಟು ಪರದೆಯನ್ನು ಓದಿದೆ. 1,300 ರೂಪಾಯಿ ನನ್ನ ಖಾತೆಯಿಂದ ಹೋಗಲಿದೆ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಫೋನ್ ಇಟ್ಟೆ.

ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಅಷ್ಟೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ದಿನಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇನೆ. ಕಳೆದುಹೋದ 650 ರೂಪಾಯಿ ಮರಳಿ ಬಂದೀತೆಂಬ ಆಸೆ ಮತ್ತು ಕಿವಿಯಲ್ಲಿ ಎಡೆಬಿಡದ ಮಾತು ಎರಡೂ ಸೇರಿದಾಗ ಗೊತ್ತಿದ್ದದ್ದೂ ಆ ಹೊತ್ತಿಗೆ ಹೊಳೆಯಲಿಲ್ಲ.

ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಿದೆ. ಪಾವತಿಯ 12 ಅಂಕಿಗಳ ಉಲ್ಲೇಖ ಸಂಖ್ಯೆ, ಪರದೆಯ ಚಿತ್ರಗಳು ಮತ್ತು ಜಾಹೀರಾತಿನ ವಿವರ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ನಾನು ಸಿಟ್ಟಿನಲ್ಲಿ ವಾಟ್ಸ್ಆ್ಯಪ್ ಸಂಭಾಷಣೆಯನ್ನು ಅಳಿಸಿಹಾಕಿದ್ದೆ. ಇದು ಎರಡನೆಯ ತಪ್ಪು. ಹಣ ಕೊಟ್ಟದ್ದು ಹಿಂದಿನ ದಿನ, ದೂರು ಕೊಟ್ಟದ್ದು ಮರುದಿನ. ಆ ವೇಳೆಗೆ ತಡವಾಗಿತ್ತು ಎನ್ನಿಸುತ್ತದೆ, ಇದನ್ನು ಬರೆಯುವವರೆಗೆ 650 ರೂಪಾಯಿ ಮರಳಿ ಬಂದಿಲ್ಲ.

3. ಜುಲೈ 6: ಹೊಸ ಬ್ಯಾಟರಿ

ಈ ಬಾರಿ ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆಯಲ್ಲಿ 1,150 ರೂಪಾಯಿಗೆ ತರಿಸಿದೆ. ಆರಿಸುವಾಗ ಒಂದು ಸಂಗತಿಯನ್ನು ಗಮನಿಸಿದೆ. ಅದೇ ಅಳತೆಯ ಬ್ಯಾಟರಿಗಳ ಮೇಲೆ ಮೂಲ ಸಾಮರ್ಥ್ಯದ ಎರಡು, ಮೂರು ಪಟ್ಟು ಎಂಎಎಚ್ ಬರೆದು ಮಾರುವವರಿದ್ದಾರೆ. ಕುಳಿ ಅಷ್ಟೇ ದೊಡ್ಡದು, ಬ್ಯಾಟರಿಯ ಅಳತೆಯೂ ಅಷ್ಟೇ ಇರುವಾಗ ಅಂಕಿ ಮಾತ್ರ ಮೂರು ಪಟ್ಟಾಗುವುದನ್ನು ನಾನು ನಂಬಲಿಲ್ಲ. 1750 ಎಂದೇ ಬರೆದಿದ್ದನ್ನು ಆರಿಸಿದೆ.

ಕೂರಿಸಿ, ಮುಚ್ಚಳ ಹಾಕಿ ಚಾರ್ಜಿಗಿಟ್ಟಾಗ ಕಿತ್ತಳೆ ದೀಪ ಹೊತ್ತಿಕೊಂಡಿತು. ಸುಮಾರು ಮೂರೂವರೆ ಗಂಟೆಯ ಮೇಲೆ ದೀಪ ತಾನೇ ಆರಿತು. ಯಂತ್ರ ಆನ್ ಆಯಿತು.

4. ಜುಲೈ 7: ಕ್ಯಾಮೆರಾದ ಕಣ್ಣು

ಮುಖ್ಯ ಪರದೆಯಲ್ಲಿರುವಾಗ ಭುಜದ ಎಲ್ ಅಥವಾ ಆರ್ ಗುಂಡಿಯನ್ನು ಒತ್ತಿದರೆ ಕ್ಯಾಮೆರಾ ತೆರೆದುಕೊಳ್ಳುತ್ತದೆ. ಕೆಳಪರದೆಯಲ್ಲಿ ಕ್ಯೂಆರ್ ಗುರುತನ್ನು ಮುಟ್ಟಿದರೆ ಕೋಡ್ ಓದಲು ಸಿದ್ಧವಾಗುತ್ತದೆ. ಎಲ್ ಏನೂ ಮಾಡಲಿಲ್ಲ, ಆರ್ ನಾಲ್ಕು ಸಲಕ್ಕೊಮ್ಮೆ ಕೆಲಸ ಮಾಡಿತು. ಕ್ಯಾಮೆರಾ ತೆರೆದಾಗ ಚಿತ್ರವೆಲ್ಲ ಹಾಲಿನ ಮೂಲಕ ನೋಡಿದಂತಿತ್ತು. ಒಳಗಿನ, ಅಂದರೆ ಆಡುವವರ ಮುಖ ನೋಡುವ ಕ್ಯಾಮೆರಾ ಸ್ವಚ್ಛವಾಗಿತ್ತು. ಹಾಗಾಗಿ ದೋಷ ಹೊರಬದಿಯ ಎರಡು ಕಣ್ಣುಗಳ ಮೇಲೆಯೇ ಇದೆ ಎಂದು ತೀರ್ಮಾನಿಸಿದೆ.

ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ತಿಳಿಯಿತು. ಮಗ ಚಿಕ್ಕವನಿದ್ದಾಗ ಭಾವ ಮುಂಜಾಗ್ರತೆಗೆಂದು ಹೊರಗಿನ ಕ್ಯಾಮೆರಾಗಳ ಮೇಲೆ ಟೇಪು ಹಚ್ಚಿದ್ದರು. ಟೇಪು ಎಂದೋ ಕಿತ್ತುಹೋಗಿ, ಅದರ ಅಂಟು ಮಾತ್ರ ಒಣಗಿ, ಧೂಳು ಹಿಡಿದು ಪದರವಾಗಿ ನಿಂತಿತ್ತು.

ಮೊದಲ ಪ್ರಯತ್ನವಾಗಿ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೆ, ಫಲವಿಲ್ಲ. ಎರಡನೆಯದು ಒದ್ದೆ ಬಟ್ಟೆ, ಅದರಿಂದ ಅಂಟು ಬಿಳಿಯಾಯಿತೇ ಹೊರತು ಬಿಡಲಿಲ್ಲ. ಮೂರನೆಯ ಪ್ರಯತ್ನವೇ ನನ್ನ ದೊಡ್ಡ ತಪ್ಪು. ಮನೆಯಲ್ಲಿದ್ದ ಉಗುರುಬಣ್ಣ ತೆಗೆಯುವ ದ್ರವವನ್ನು ಇಯರ್‌ಬಡ್ಡಿಗೆ ಹಚ್ಚಿಕೊಂಡೆ. ಬಡ್ಡು ಕಣ್ಣಿಗೆ ತಾಗುವ ಮುನ್ನವೇ ಒಂದು ಹನಿ ಪಕ್ಕದ ನೀಲಿ ಕವಚದ ಮೇಲೆ ಬಿತ್ತು. ಒರೆಸುವಷ್ಟರಲ್ಲಿ ಮೆಣಸಿನ ಕಾಳಿನಷ್ಟು ಜಾಗದಲ್ಲಿ ಬಣ್ಣ ಮೆತ್ತಗಾಗಿ ಮಂಕಾಯಿತು. ಆ ದ್ರವದಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತದೆ. ಕ್ಯಾಮೆರಾದ ಕಣ್ಣಿನ ಮೇಲೆಯೇ ಬಿದ್ದಿದ್ದರೆ ಏನಾಗುತ್ತಿತ್ತೋ! ಆ ಕಲೆ ಈಗಲೂ ಇದೆ. ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಬೇರೆಯವರ ವಸ್ತುವಿನ ಮೇಲೆ ಪರೀಕ್ಷೆ ಮಾಡಬಾರದಿತ್ತು.

ಕೊನೆಗೆ ಔಷಧದಂಗಡಿಯಿಂದ 150 ರೂಪಾಯಿಗೆ 100 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ. ಬಡ್ಡನ್ನು ಅದರಲ್ಲಿ ಅದ್ದಿ, ಹಿಂಡಿ, ಬರೀ ತೇವವಿರುವಂತೆ ಮಾಡಿಕೊಂಡು ಅಂಟಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಒಂದೇ ದಿಕ್ಕಿನಲ್ಲಿ ಉರುಳಿಸಿದೆ. ಉಜ್ಜಿದರೆ ಅಂಟಿನೊಳಗಿನ ಧೂಳೇ ಗೀರು ಹಾಕುತ್ತದೆ, ಆದ್ದರಿಂದ ಉರುಳಿಸಬೇಕು. ಒಂದೊಂದು ಕಣ್ಣಿಗೆ ಏಳೆಂಟು ಬಡ್ಡುಗಳಂತೆ ಖರ್ಚಾದವು, ಒಟ್ಟು ನಲವತ್ತು ನಿಮಿಷ ಹಿಡಿಯಿತು. ಬಲಗಣ್ಣಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರೊಂದು ಉಳಿದಿದೆ. ಚಿತ್ರ ತಿಳಿಯಾಯಿತು.

5. ಜುಲೈ 9: ಎಲ್ ಮತ್ತು ಆರ್ ಗುಂಡಿಗಳು

ಯಂತ್ರ ಆಫ್ ಮಾಡಿ, ಬ್ಯಾಟರಿ ತೆಗೆದು, ಗುಂಡಿಯ ಸಂದಿಗೆ ಅದೇ ಆಲ್ಕೊಹಾಲಿನ ಎರಡು ಹನಿ ಬಿಟ್ಟು ಐವತ್ತು ಸಲ ಒತ್ತಿದೆ. ಇಡೀ ರಾತ್ರಿ ಆರಲು ಬಿಟ್ಟೆ. ಬೆಳಗ್ಗೆ ಆರ್ ಪೂರ್ತಿ ಸರಿಯಾಗಿತ್ತು. ಎಲ್ ಸರಿಯಾಗಲಿಲ್ಲ, ಮತ್ತೊಮ್ಮೆ ಮಾಡಿದರೂ ಆಗಲಿಲ್ಲ. ಅದನ್ನು ಸರಿಪಡಿಸಬೇಕಾದರೆ ಹಿಂಬದಿಯ ಕವಚ ಬಿಚ್ಚಬೇಕು, ತೆಳುವಾದ ರಿಬ್ಬನ್ ಕೇಬಲ್‌ಗಳನ್ನು ಬಿಡಿಸಬೇಕು. ಅದು ಹರಿದರೆ ಇಲ್ಲಿ ಸಿಗುವುದಿಲ್ಲ. ಕ್ಯಾಮೆರಾ ತೆರೆಯಲು ಒಂದು ಗುಂಡಿ ಸಾಕಾದ್ದರಿಂದ ಎಲ್ ಅನ್ನು ಹಾಗೆಯೇ ಬಿಟ್ಟೆ.

6. ಜುಲೈ 10ರಿಂದ 12: ಯಾವ ಕೋಡ್ ಓದುತ್ತದೆ, ಯಾವುದು ಓದುವುದಿಲ್ಲ

ಈ ಕ್ಯಾಮೆರಾ ಬರೀ 0.3 ಮೆಗಾಪಿಕ್ಸೆಲ್‌ನದು, ಅಂದರೆ 640 ಅಡ್ಡ, 480 ಉದ್ದ ಚುಕ್ಕೆಗಳು. ಫೋಕಸ್ ಸ್ಥಿರ, ಮೊಬೈಲಿನಂತೆ ತಾನೇ ಹೊಂದಿಸಿಕೊಳ್ಳುವುದಿಲ್ಲ. ಈಗಿನ ಮೊಬೈಲುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಓದುವ ಕೋಡನ್ನು ಇದು ಓದದಿರುವುದು ಯಂತ್ರದ ದೋಷವಲ್ಲ ಎಂಬುದನ್ನು ನಾನು ಎರಡು ದಿನ ಕಳೆದ ಮೇಲೆ ಅರಿತೆ. ಅಲ್ಲಿಯವರೆಗೆ ಕಣ್ಣು ಇನ್ನೂ ಕೊಳೆಯಾಗಿದೆ ಎಂದುಕೊಂಡು ಮತ್ತೆ ಮತ್ತೆ ಒರೆಸುತ್ತಲೇ ಇದ್ದೆ.

ಪರೀಕ್ಷೆಗೆ ಮೂರು ಬಗೆಯ ಕೋಡ್ ಇಟ್ಟುಕೊಂಡೆ. ಬಿಸ್ಕತ್ತಿನ ಪೊಟ್ಟಣದ ಮೇಲಿನದು, ಅವಳ ಅಣ್ಣ ನ್ಯೂಜೆರ್ಸಿಯಿಂದ ಕಳುಹಿಸಿದ ಅಜ್ಜಿಯ 'ಮೀ' (ಈ ಯಂತ್ರದಲ್ಲಿ ಜನರನ್ನು ಹೋಲುವಂತೆ ಮಾಡುವ ಕಾರ್ಟೂನ್ ಗೊಂಬೆ) ಮುಖದ್ದು, ಮತ್ತು ಆ್ಯನಿಮಲ್ ಕ್ರಾಸಿಂಗ್‌ನ ವಿನ್ಯಾಸದ್ದು. ಮೊದಲನೆಯದು ಸುಲಭವಾಗಿ ಬಂತು. ಎರಡನೆಯದನ್ನು ಮೀ ಮೇಕರ್ ಎಂಬ ಆ್ಯಪ್ ತೆರೆದು ಸ್ಕ್ಯಾನ್ ಮಾಡಬೇಕು. ಅದೂ ಬಂದು, ಕನ್ನಡಕ ಹಾಕಿದ ಅಜ್ಜಿ ಪರದೆಯ ಮೇಲೆ ಕಣ್ಣು ಮಿಟುಕಿಸಿದಾಗ ಅವ್ವ ತನ್ನನ್ನೇ ನೋಡಿ ಬಹಳ ಹೊತ್ತು ನಕ್ಕಳು. ಮೂರನೆಯದು ಮಾತ್ರ ಮೊಂಡಾಟ ಮಾಡಿತು. ಅದರ ಚೌಕಗಳನ್ನು ಎಣಿಸಿದೆ, ಒಂದು ಬದಿಗೆ 93 ಇದ್ದವು. ಚಿಕ್ಕದಾಗಿ ಮುದ್ರಿಸಿದರೆ ಒಂದೊಂದು ಚೌಕಕ್ಕೆ ಕ್ಯಾಮೆರಾದ ಎರಡು ಚುಕ್ಕೆಗಳೂ ಸಿಗುವುದಿಲ್ಲ.

ಸೋತದ್ದನ್ನು ಮೊದಲು ಹೇಳುತ್ತೇನೆ. 3.5 ಸೆಂ.ಮೀ. ಅಗಲದ ಮುದ್ರಣವನ್ನು ಒಮ್ಮೆಯೂ ಓದಲಿಲ್ಲ. 5 ಸೆಂ.ಮೀ.ದನ್ನು ಹತ್ತು ಸಲಕ್ಕೆ ಮೂರು ಸಲ ಓದಿತು. ಮೊಬೈಲ್ ಪರದೆಯಲ್ಲಿ ಬೆಳಕು ಪೂರ್ತಿ ಏರಿಸಿದಾಗ ಚಿತ್ರ ಬೆಳ್ಳಗೆ ಉರಿದು ಕೋಡ್ ಮಾಯವಾಯಿತು, ಬೆಳಕನ್ನು ಅರ್ಧಕ್ಕಿಳಿಸಿದಾಗ ಕೆಲವೊಮ್ಮೆ ಓದಿತು. ಜೆರಾಕ್ಸ್ ಅಂಗಡಿಯ ಯಂತ್ರದಲ್ಲಿ ಟೋನರ್ ಕಡಿಮೆಯಾಗಿ ನಡುವೆ ಬಿಳಿ ಗೆರೆ ಬಿದ್ದ ಹಾಳೆ ಓದಲಿಲ್ಲ. ಇನ್ನೊಂದು ಸೋಲಿಗೆ ಪೂರ್ತಿ ನಾನೇ ಕಾರಣ. ಕೋಡ್ ದೊಡ್ಡದಾಗಿ ಬರಲೆಂದು ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಿ, ಕಪ್ಪು ಚೌಕಟ್ಟಿನೊಳಗೆ ಇಟ್ಟು ಮುದ್ರಿಸಿದೆ. ಆ ಬಿಳಿ ಅಂಚು ಅಲಂಕಾರಕ್ಕಿರುವುದಲ್ಲ, ಕೋಡ್ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ನಾಲ್ಕೂ ಕಡೆ ನಾಲ್ಕು ಚೌಕಗಳಷ್ಟು ಖಾಲಿ ಜಾಗ ಇರಲೇಬೇಕು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಮಳೆಗಾಲದ ಧಾರವಾಡದ ಬೆಳಕೂ ಇನ್ನೊಂದು ತೊಡಕಾಗಿತ್ತು. ಜಿಟಿಜಿಟಿ ಮಳೆಯ ಮಧ್ಯಾಹ್ನ ಪಡಸಾಲೆಯಲ್ಲಿ ಯಾವ ಕೋಡನ್ನೂ ಓದದ ಯಂತ್ರ, ಕಿಟಕಿಯ ಪಕ್ಕಕ್ಕೆ ಟೇಬಲ್ ಲ್ಯಾಂಪ್ ತಂದು ಬದಿಯಿಂದ ಬೆಳಕು ಬೀಳುವಂತಿಟ್ಟಾಗ ಒಂದೇ ಸಲಕ್ಕೆ ಓದಿತು.

ಕೊನೆಗೆ ನಿಂತ ಅಳತೆ ಇದು: ಹೊಳಪಿಲ್ಲದ ಸಾಮಾನ್ಯ ಹಾಳೆ, ಬಿಳಿ ಅಂಚು ಬಿಟ್ಟು 8 ಸೆಂ.ಮೀ. ಅಗಲದ ಕೋಡ್, ಹಾಳೆ ಮೇಜಿನ ಮೇಲೆ ಚಪ್ಪಟೆಯಾಗಿ, ಯಂತ್ರ ಅದರಿಂದ ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ, ಮೊಣಕೈ ಎರಡೂ ಮೇಜಿಗೆ ಊರಿ. ಹತ್ತು ಸಲಕ್ಕೆ ಹತ್ತು ಸಲವೂ ಓದಿತು.

7. ಜುಲೈ 13: "ಉಚಿತ ಆಟ" ಕೊಡುವ ಕೋಡ್

ಕ್ಯಾಮೆರಾ ಸರಿಯಾದ ಸಂತೋಷದಲ್ಲಿ ಅಕ್ಕನ ಮಗಳು ಸ್ಕ್ಯಾನ್ ಮಾಡಲು ಸಿಕ್ಕಿದ್ದನ್ನೆಲ್ಲ ಹುಡುಕತೊಡಗಿದಳು. ಅವಳಲ್ಲಿದ್ದ ಪೋಕೆಮಾನ್ ಸನ್ ಆಟದ ಒಳಗೊಂದು ಕ್ಯೂಆರ್ ಸ್ಕ್ಯಾನರ್ ಇದೆ. ಅದು ಯಾವ ಕೋಡನ್ನು ತೋರಿಸಿದರೂ ಒಂದು ಪೋಕೆಮಾನ್ ತೋರಿಸಿ ಹತ್ತು ಅಂಕ ಕೊಡುತ್ತದೆ, ನೂರು ಅಂಕವಾದರೆ ಆ ದ್ವೀಪದಲ್ಲಿ ಅಪರೂಪದ ಪೋಕೆಮಾನ್ ಹುಡುಕುವ ಅವಕಾಶ ಸಿಗುತ್ತದೆ. ಅದೇ ಬಿಸ್ಕತ್ತಿನ ಪೊಟ್ಟಣ, ಔಷಧದ ಡಬ್ಬಿ, ದಿನಸಿ ಅಂಗಡಿಯ ಗಲ್ಲಾದ ಮುಂದಿನ ಹಣ ಕೊಡುವ ಕೋಡ್ ಎಲ್ಲವೂ ಅವಳಿಗೆ ಪೋಕೆಮಾನ್ ಆದವು. ಇದರಿಂದ ತೊಂದರೆಯೇನೂ ಇಲ್ಲ. ಆಟ ಆ ಕೋಡಿನ ವಿಳಾಸಕ್ಕೆ ಹೋಗುವುದಿಲ್ಲ, ಹಣವನ್ನೂ ಕೊಡುವುದಿಲ್ಲ.

ಆ ದಿನ ಸಂಜೆ ಅವಳು ಒಂದು ವಿಡಿಯೊ ತೋರಿಸಿದಳು. "3ಡಿಎಸ್ ಆಟಗಳು ಉಚಿತ, ಈ ಕೋಡ್ ಸ್ಕ್ಯಾನ್ ಮಾಡಿ" ಎಂದು ಅದರಲ್ಲಿತ್ತು. 3ಡಿಎಸ್‌ನಲ್ಲಿ ಸ್ಕ್ಯಾನ್ ಮಾಡುವ ಬದಲು ನನ್ನ ಮೊಬೈಲಿನಿಂದ ಕೋಡ್ ನೋಡಿ, ತೆರೆಯದೆ, ಅದರಲ್ಲಿ ಬರೆದದ್ದನ್ನು ಮಾತ್ರ ಓದಿದೆ. ಅದೊಂದು ಜಾಲತಾಣದ ವಿಳಾಸ, ಮೊಟಕುಗೊಳಿಸಿದ್ದು, ನಿಂಟೆಂಡೊದ ಹೆಸರೇ ಇಲ್ಲದ್ದು. ಏನಿದೆ ಎಂದು ತಿಳಿಯಲು ನಾನು ಕಂಪ್ಯೂಟರ್‌ನಲ್ಲಿ, ಯಾವ ಖಾತೆಗೂ ಲಾಗಿನ್ ಆಗದ ಬ್ರೌಸರ್‌ನಲ್ಲಿ ಅದನ್ನು ತೆರೆದೆ. 10, 20, 50 ಡಾಲರ್‌ಗಳ ಉಡುಗೊರೆ ಚೀಟಿಗಳ, ಅಂದರೆ ಆಟ ಕೊಳ್ಳಲು ಬಳಸುವ ಚೀಟಿಗಳ ಚಿತ್ರ ಬಂತು. ಒಂದನ್ನು ಒತ್ತಿದಾಗ ಹದಿನಾರು ಅಕ್ಷರಗಳ ಸಂಕೇತದಲ್ಲಿ ಹನ್ನೆರಡು ಕಾಣಿಸಿ, ಕೊನೆಯ ನಾಲ್ಕು ಮಸುಕಾಗಿದ್ದವು. ಆ ನಾಲ್ಕನ್ನು ನೋಡಬೇಕಾದರೆ "ನೀವು ಮನುಷ್ಯರೆಂದು ಸಾಬೀತುಪಡಿಸಲು" ಫೋನ್ ಸಂಖ್ಯೆ ಕೊಡಬೇಕು, ಎರಡು ಆ್ಯಪ್ ಹಾಕಿಕೊಳ್ಳಬೇಕು. ಹುಡುಗಿಯ ಕಣ್ಣು ಆ ಮಸುಕಾದ ನಾಲ್ಕು ಅಕ್ಷರಗಳ ಮೇಲೆಯೇ ನೆಟ್ಟಿತ್ತು. ಕರೆಯಲ್ಲಿ ದುಪ್ಪಟ್ಟು ಹಣದ ಮಾತು ಕೇಳಿದಾಗ ನನ್ನ ಮುಖವೂ ಹಾಗೆಯೇ ಇದ್ದಿರಬೇಕು.

ಅವಳಿಗೆ ವಿವರಿಸಲು ದಿನಾಂಕಗಳು ಸಹಾಯಕ್ಕೆ ಬಂದವು. 3ಡಿಎಸ್‌ನ ತಯಾರಿಕೆ 2020ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಅದರ ಆನ್‌ಲೈನ್ ಅಂಗಡಿಯಾದ ಇ-ಶಾಪ್‌ನಲ್ಲಿ ಹೊಸದಾಗಿ ಕೊಳ್ಳುವುದು 2023ರ ಮಾರ್ಚ್ 27ಕ್ಕೆ ಮುಗಿಯಿತು. ಆನ್‌ಲೈನ್ ಆಟದ ಸೇವೆಯನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಮೊದಲೇ ಕೊಂಡ ಆಟಗಳನ್ನು ಮತ್ತೆ ಇಳಿಸಿಕೊಳ್ಳಲು ಬಾಗಿಲು ಇನ್ನೂ ತೆರೆದಿದೆ, ಆದರೆ ಹೊಸದನ್ನು ಕೊಳ್ಳಲು ಅಂಗಡಿಯೇ ಇಲ್ಲ. ಮುಚ್ಚಿದ ಅಂಗಡಿಯ ಚೀಟಿಯನ್ನು ಯಾರು ಕೊಟ್ಟರೂ ಅದರಿಂದ ಈ ಯಂತ್ರಕ್ಕೆ ಆಟ ಬರುವುದಿಲ್ಲ.

ಹಾಗಾದರೆ ವಿನ್ಯಾಸದ ಕೋಡ್‌ಗಳು ಇಂದಿಗೂ ಹೇಗೆ ಕೆಲಸ ಮಾಡುತ್ತವೆ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ್ಯನಿಮಲ್ ಕ್ರಾಸಿಂಗ್‌ನ ಕೋಡಿನಲ್ಲಿ ವಿನ್ಯಾಸವೇ ಇರುತ್ತದೆ, 32 ಸಾಲು, 32 ಕಾಲಂ, ಪ್ರತಿ ಚೌಕದ ಬಣ್ಣ. ಮೀ ಕೋಡಿನಲ್ಲಿ ಮುಖದ ವಿವರವೇ ಇರುತ್ತದೆ. ಸರಕು ಕಾಗದದ ಮೇಲೆಯೇ ಇರುವುದರಿಂದ ಅಂತರ್ಜಾಲ ಬೇಕಿಲ್ಲ, ಅಂಗಡಿಯೂ ಬೇಕಿಲ್ಲ. ವಿಡಿಯೊದ ಕೋಡಿನಲ್ಲಿ ಇದ್ದದ್ದು ಬರೀ ವಿಳಾಸ. ಇಷ್ಟು ತಿಳಿದ ಮೇಲೆ ನಾವಿಬ್ಬರೂ ಒಂದು ಅಭ್ಯಾಸ ಮಾಡಿಕೊಂಡೆವು. ಹೊಸ ಕೋಡ್ ಯಾವುದೇ ಬರಲಿ, ಮೊದಲು ಮೊಬೈಲಿಗೆ ತೋರಿಸುವುದು. ಅರ್ಥವಿಲ್ಲದ ಅಕ್ಷರಗಳ ರಾಶಿ ಬಂದರೆ, ಅಥವಾ ಓದಲಾಗದು ಎಂದು ಬಂದರೆ, ಅದು ಆಟದ ಕೋಡ್ ಆಗಿರಬಹುದು, ಆಟದೊಳಗಿನ ಸ್ಕ್ಯಾನರ್‌ನಲ್ಲಿ ಹಾಕಿ ನೋಡುವುದು. ಜಾಲತಾಣದ ವಿಳಾಸ ಬಂದರೆ, ಅದು ಆಟದ ವಸ್ತುವೆಂದು ಯಾರು ಹೇಳಿದ್ದರೂ ಅಲ್ಲಿಗೇ ಬಿಡುವುದು. ಯುಪಿಐ ವಿಳಾಸ ಬಂದರೆ ನನಗೆ ತೋರಿಸುವುದು. ಆ ಸಂಜೆಯೇ ಅವಳ ಬಳಿಯಿದ್ದ ಹನ್ನೊಂದು ಕೋಡ್‌ಗಳನ್ನು ಹೀಗೆ ಬೇರ್ಪಡಿಸಿದೆವು. ನಾಲ್ಕು ಹೊರಬಿದ್ದವು.

ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಡ್ ಕೊಳ್ಳುವವರಿಗೂ ಒಂದು ಮಾತು. ಈ ಯಂತ್ರಗಳು ಪ್ರದೇಶಕ್ಕೆ ಬೀಗ ಹಾಕಿದವು. ಅಮೆರಿಕದ ಯಂತ್ರದಲ್ಲಿ ಜಪಾನಿನ ಅಥವಾ ಯುರೋಪಿನ ಕಾರ್ಡ್ ನಡೆಯುವುದಿಲ್ಲ. ಕಾರ್ಡಿನ ಮುಖದ ಮೇಲಿನ ಸಂಕೇತದ ಕೊನೆಯಲ್ಲಿ ಯುಎಸ್‌ಎ ಎಂದಿದೆಯೇ ಎಂದು ಫೋಟೊ ತರಿಸಿ ನೋಡದೆ ಹಣ ಕೊಡಬಾರದು.

8. ಜುಲೈ 15ರಿಂದ 19: ಅವ್ವನ ಗೋಪುರ

ವಿನ್ಯಾಸಕ್ಕೆ ಅವ್ವ ತನ್ನ ಚಂದ್ರಕಾಳಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹಾಸಿದಳು. ಕಪ್ಪು ರೇಷ್ಮೆಯ ಮೇಲೆ ಬಿಳಿ ಎಳೆಯ ಗೋಪುರ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಆದ್ದರಿಂದ ಅದು ಚೌಕಗಳ ಮೇಲೆ ಸಲೀಸಾಗಿ ಇಳಿಯುತ್ತದೆ. ಗವಂತಿ ಹೊಲಿಗೆ ನೇರ ಗೆರೆಗಳಾಯಿತು, ಮುರ್ಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಕುಳಿತುಕೊಂಡಿತು. ಕಂಪ್ಯೂಟರ್‌ನಲ್ಲಿ ಒಂದು ಉಚಿತ ವಿನ್ಯಾಸ ಸಂಪಾದಕದಲ್ಲಿ ನಾನು ಚೌಕ ತುಂಬುತ್ತಾ ಹೋದೆ, ಅವ್ವ ಹಿಂದೆ ನಿಂತು ಎಣಿಸಿದಳು. ಆಟ ಒಂದು ವಿನ್ಯಾಸಕ್ಕೆ 15 ಬಣ್ಣಗಳನ್ನು ಕೊಡುತ್ತದೆ, ನಮಗೆ ಮೂರು ಸಾಕಾದವು.

ಮೊದಲ ಕರಡು ಕೆಟ್ಟಿತು. ಗೋಪುರಕ್ಕೆ ನಡುವೆ ಕಳಶದ ಒಂದು ನಿಂತ ಸಾಲು (ಕಾಲಂ) ಬೇಕು, ಎರಡು ಕಡೆ ಸಮ ಬರಬೇಕು. 32 ಸಮಸಂಖ್ಯೆ, ಅದಕ್ಕೆ ನಡುವಿನ ಸಾಲೇ ಇಲ್ಲ. ನಾನು ಅಂದಾಜಿನಿಂದ ಹದಿನಾರನೆಯ ಸಾಲಿಗೆ ಕಳಶವಿಟ್ಟು, ಎರಡೂ ಕಡೆ ತುಂಬಿಬಿಟ್ಟೆ. "ಅಂದಾಜಿಲೆ ಹಾಕಿದ್ರ ಹಿಂಗ ಆಗ್ತೈತಿ, ಬಲಕ್ಕ ಒಂದು ಮನಿ ಹೆಚ್ಚಾಗೇತಿ ನೋಡು" ಎಂದು ಅವ್ವ ಪರದೆಯ ಮೇಲೆ ಸೂಜಿಯ ತುದಿಯಿಂದಲೇ ತೋರಿಸಿದಳು. ಎಲ್ಲ ಅಳಿಸಿ, 31 ಸಾಲುಗಳಲ್ಲಿ ಗೋಪುರ ಮುಗಿಸಿ, ಒಂದು ಸಾಲನ್ನು ಪೂರ್ತಿ ಕಪ್ಪು ಬಿಟ್ಟೆವು. ವಿನ್ಯಾಸವನ್ನು ಪಕ್ಕಪಕ್ಕದಲ್ಲಿ ಜೋಡಿಸಿದಾಗ ಆ ಖಾಲಿ ಸಾಲೇ ಎರಡು ಗೋಪುರಗಳ ನಡುವಿನ ಬಿಡುವಾಗಿ, ಸೀರೆಯಲ್ಲಿ ಇರುವಂತೆಯೇ ಕಂಡಿತು.

ಈ ಒಂದು ವಿನ್ಯಾಸಕ್ಕೆ ಒಂದೇ ಕೋಡ್. ಆಟದ ಏಬಲ್ ಸಿಸ್ಟರ್ಸ್ ಅಂಗಡಿಯಲ್ಲಿರುವ ಹೊಲಿಗೆ ಯಂತ್ರದ ಬಳಿ ಅದನ್ನು ಸ್ಕ್ಯಾನ್ ಮಾಡಿದೆವು, ಬಂತು. ಆ ಯಂತ್ರ ಮೊದಲ ದಿನವೇ ಸಿಗುವುದಿಲ್ಲ, ಅಲ್ಲಿ ಹೊಲಿಯುತ್ತಾ ಕೂರುವ ಸೇಬಲ್ ಎಂಬ ಪಾತ್ರದ ಜೊತೆ ಹಲವು ದಿನ ಮಾತಾಡಿ ಸಲಿಗೆ ಬೆಳೆಸಿಕೊಳ್ಳಬೇಕು. ಅಕ್ಕನ ಮಗಳ ಅಣ್ಣ ಅದನ್ನು ಮೊದಲೇ ಮಾಡಿದ್ದ.

ಉದ್ದ ಅಂಗಿಗಾದರೆ ಮುಂಭಾಗ, ಹಿಂಭಾಗ, ಎರಡು ತೋಳು ಸೇರಿ ನಾಲ್ಕು ಕೋಡ್ ಬೇಕು. 18ರಂದು ನಾಲ್ಕನ್ನೂ ಮುದ್ರಿಸಿದೆ. ಒಂದು, ಎರಡು ಬಂದವು, ಮೂರನೆಯದು ಬರಲಿಲ್ಲ. ನೋಡಿದರೆ ಅಂಗಡಿಯಿಂದ ತರುವಾಗ ಜೇಬಿನಲ್ಲಿ ಮಡಚಿದ ಗೆರೆ ಕೋಡಿನ ಒಂದು ಮೂಲೆಯ ದೊಡ್ಡ ಚೌಕದ ಮೇಲೆಯೇ ಹಾದುಹೋಗಿತ್ತು. ಆ ಮೂರು ಮೂಲೆ ಚೌಕಗಳಲ್ಲಿ ಒಂದು ಕೆಟ್ಟರೂ ಯಂತ್ರಕ್ಕೆ ಕೋಡ್ ಗುರುತೇ ಸಿಗುವುದಿಲ್ಲ. ಮಳೆಯಲ್ಲೇ ಮತ್ತೆ ಹೋಗಿ ಮುದ್ರಿಸಿ, ಪುಸ್ತಕದ ನಡುವೆ ಇಟ್ಟು ತಂದೆ. 19ರ ಬೆಳಗ್ಗೆ ನಾಲ್ಕೂ ಬಂದವು.

ಖರ್ಚು ಹೀಗಿದೆ: ಬ್ಯಾಟರಿ 1,150, ಕೇಬಲ್ 180, ಸ್ಕ್ರೂಡ್ರೈವರ್ 120, ಆಲ್ಕೊಹಾಲ್ 150, ಮುದ್ರಣ 60, ಮೋಸದಲ್ಲಿ ಹೋದದ್ದು 650. ಒಟ್ಟು 2,310 ರೂಪಾಯಿ. ಎಲ್ ಗುಂಡಿ ಇನ್ನೂ ಕೆಟ್ಟೇ ಇದೆ.

ನಾಲ್ಕು ಹಾಳೆಗಳು ಹಾಳಾಗದಿರಲೆಂದು ಹುಡುಗಿ ಅವನ್ನು ಲ್ಯಾಮಿನೇಟ್ ಮಾಡಿಸಬೇಕೆಂದಳು. ಒಂದನ್ನು ಮಾಡಿಸಿ ನೋಡಿದೆವು. ದೀಪದ ಹೊಳಪು ನಡುವೆ ಬಿದ್ದು ಎಷ್ಟು ವಾಲಿಸಿದರೂ ಓದಲಿಲ್ಲ. ಅದನ್ನು ಬಿಟ್ಟು, ಹೊಸದಾಗಿ ಮುದ್ರಿಸಿದ ಹಾಳೆಗಳನ್ನು ಅವಳ ಗಟ್ಟಿ ರಟ್ಟಿನ ನೋಟ್‌ಬುಕ್ಕಿನ ನಡುವೆ ಮಡಚದೆ ಇಟ್ಟು, ಅವ್ವ ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು.